ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯಲ್ಲಿ ಪೌರರಲ್ಲದವರ ಪಾಲು

ಸಭಿಕರೇ,

ಅಮೆರಿಕದಲ್ಲಿ ಸಂಬಳಕ್ಕೆ ದುಡಿಯುವವರ ಪೇ ಸ್ಲಿಪ್ಪಿನಲ್ಲಿ ಆದಾಯ ತೆರಿಗೆಯ ಜೊತೆಗೆ ಇನ್ನೆರಡು ಕಡಿತಗಳು ಇರುತ್ತವೆ. ಒಂದು, ನಿವೃತ್ತಿ ಮತ್ತು ಅಂಗವೈಕಲ್ಯದ ಸರ್ಕಾರಿ ವಿಮೆಯಾದ ಸೋಷಿಯಲ್ ಸೆಕ್ಯುರಿಟಿಗೆ ಹೋಗುವ ಶೇ. 6.2; ಇನ್ನೊಂದು, ಮುಖ್ಯವಾಗಿ ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹೋಗುವ ಶೇ. 1.45. ಉದ್ಯೋಗದಾತರೂ ತಮ್ಮ ಕೈಯಿಂದ ಅಷ್ಟನ್ನೇ ಕಟ್ಟುತ್ತಾರೆ. ಎಚ್-1ಬಿ ವೀಸಾದ ಮೇಲೆ ಬಂದವರಿಗೂ ಅಲ್ಲಿಯೇ ಹುಟ್ಟಿ ಬೆಳೆದವರಿಗೂ ದರ ಒಂದೇ. ಹಣ ತೆಗೆದುಕೊಳ್ಳುವಾಗ ಇಲ್ಲದ ಪ್ರಶ್ನೆಗಳು ಹಣ ಕೊಡುವಾಗ ಏಳುತ್ತವೆ, ಆ ಪ್ರಶ್ನೆಗಳೇ ಇಂದಿನ ನನ್ನ ವಿಷಯ.

ಈ ಬಗ್ಗೆ ಎರಡು ಮಾತುಗಳು ಎಲ್ಲೆಡೆ ಓಡಾಡುತ್ತಿವೆ. ಪೌರತ್ವ ಪಡೆಯದವರಿಗೆ ಒಂದು ಡಾಲರೂ ಸಿಗುವುದಿಲ್ಲ ಎಂಬುದು ಒಂದು ಮಾತು; ಕಟ್ಟಿದ ಮೇಲೆ ಅದು ನಮ್ಮದೇ ಹಣ, ಯಾರೂ ತಡೆಯಲಾರರು ಎಂಬುದು ಇನ್ನೊಂದು. ಎರಡೂ ತಪ್ಪು. ದುಡಿದು ಗಳಿಸಿದ ನಿವೃತ್ತಿ ವೇತನದಲ್ಲಿ ಪೌರತ್ವದ ಪಾತ್ರ ಜನರು ಊಹಿಸಿರುವುದಕ್ಕಿಂತ ಬಹಳ ಕಡಿಮೆ. ಬಡತನ ನೋಡಿ ಕೊಡುವ ನೆರವಿನಲ್ಲಿ ಅದೇ ಬಹುಮಟ್ಟಿಗೆ ನಿರ್ಣಾಯಕ. ಈ ಎರಡರ ನಡುವೆ ಅಂಗವೈಕಲ್ಯ ವಿಮೆ ಇದೆ. ಕಾಗದದ ಮೇಲೆ ಅದು ಮೊದಲ ಗುಂಪಿಗೆ ಸೇರಿದ್ದರೂ, ವೀಸಾದ ಮೇಲೆ ದುಡಿಯುವವರ ಪಾಲಿಗೆ ಅತಿ ಹೆಚ್ಚು ಅನ್ಯಾಯವಾಗುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಎರಡು ಯೋಜನೆಗಳನ್ನು ಬೇರೆ ಮಾಡಿಕೊಳ್ಳೋಣ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರ ಆಗಸ್ಟ್ 14ರಂದು ಸಹಿ ಹಾಕಿದ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಯಿಂದ ಹುಟ್ಟಿದ್ದು ವೃದ್ಧಾಪ್ಯದ ವಿಮೆ; 1956ರಲ್ಲಿ ಅದಕ್ಕೆ ಅಂಗವೈಕಲ್ಯ ವಿಮೆ ಸೇರಿತು. ಇವೆರಡಕ್ಕೂ ಹಣ ಬರುವುದು ಸಂಬಳದ ಕಡಿತದಿಂದ. ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್, ಅಂದರೆ ಎಸ್‌ಎಸ್‌ಐ, ಬೇರೆಯೇ ಯೋಜನೆ. 1972ರ ಕಾನೂನಿನಿಂದ ಹುಟ್ಟಿ 1974ರ ಜನವರಿಯಲ್ಲಿ ಜಾರಿಗೆ ಬಂದ ಇದು, ಆದಾಯವೂ ಆಸ್ತಿಯೂ ಇಲ್ಲದ ವೃದ್ಧರಿಗೆ, ಅಂಧರಿಗೆ, ಅಂಗವಿಕಲರಿಗೆ ಸರ್ಕಾರದ ಸಾಮಾನ್ಯ ಬೊಕ್ಕಸದಿಂದ ಕೊಡುವ ನೆರವು. ಎರಡನ್ನೂ ನಡೆಸುವುದು ಒಂದೇ ಇಲಾಖೆ, ಅರ್ಜಿ ಹಾಕುವುದು ಒಂದೇ ಕೌಂಟರಿನಲ್ಲಿ, ಪತ್ರ ಬರುವುದು ಒಂದೇ ಬಗೆಯ ಲಕೋಟೆಯಲ್ಲಿ. ಹಾಗಾಗಿಯೇ ಒಂದರ ನಿಯಮವನ್ನು ಇನ್ನೊಂದಕ್ಕೆ ಅಂಟಿಸಿ ಮಾತಾಡುವುದು ನಡೆದೇ ಇದೆ, ಸುಶಿಕ್ಷಿತರಲ್ಲಿಯೂ.

ನಿವೃತ್ತಿ ವೇತನಕ್ಕೆ ಬೇಕಾದದ್ದು 40 ಕ್ರೆಡಿಟ್. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಕ್ರೆಡಿಟ್ ಸಿಗುತ್ತವೆ. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ಗಳಿಕೆ ಸಾಕಾಗಿತ್ತು, ಅಂದರೆ ವರ್ಷದ ನಾಲ್ಕಕ್ಕೆ 7,240 ಡಾಲರ್. ಒಳ್ಳೆಯ ಸಂಬಳದ ಎಂಜಿನಿಯರ್ ಇದನ್ನು ವರ್ಷದ ಮೊದಲ ಒಂದೆರಡು ತಿಂಗಳಲ್ಲೇ ಗಳಿಸಿಬಿಡಬಹುದು, ಆದರೆ ಐದನೆಯ ಕ್ರೆಡಿಟ್ ಎಂಬುದಿಲ್ಲ. ಹತ್ತು ವರ್ಷ ಎಂದರೆ ಹತ್ತು ವರ್ಷವೇ. ಅವು ಸತತವಾಗಿರಬೇಕಿಲ್ಲ. ಯಾರೋ ಒಬ್ಬರು ನಾಲ್ಕು ವರ್ಷ ದುಡಿದು ಭಾರತಕ್ಕೆ ಮರಳಿ, ಹದಿನೈದು ವರ್ಷದ ನಂತರ ಮತ್ತೆ ಬಂದು ಆರು ವರ್ಷ ದುಡಿದರೆ ಹಳೆಯ ನಾಲ್ಕು ವರ್ಷ ಹಾಗೆಯೇ ಖಾತೆಯಲ್ಲಿ ಕಾದಿರುತ್ತವೆ.

ವಿದ್ಯಾರ್ಥಿಗಳಾಗಿ ಬಂದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಎಫ್-1 ವೀಸಾದವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳು, ಆ ಅವಧಿಯಲ್ಲಿ ಅವರಿಗೆ ಈ ಕಡಿತವೇ ಇರುವುದಿಲ್ಲ. ಓದು ಮುಗಿಸಿ, ಅದೇ ವೀಸಾದ ಮೇಲೆ ಕೆಲಕಾಲ ಕೆಲಸ ಮಾಡಲು ಬಿಡುವ ಒಪಿಟಿ ಅನುಮತಿಯಲ್ಲಿ ಪೂರ್ಣ ಸಂಬಳಕ್ಕೆ ದುಡಿದ ತಿಂಗಳುಗಳೂ ಹೀಗಾಗಿ ಕ್ರೆಡಿಟ್ ತಂದುಕೊಡುವುದಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಹತ್ತು ವರ್ಷ ಎಣಿಸಿ, ಲೆಕ್ಕ ಮುಗಿಯಿತೆಂದು ಊರಿಗೆ ಹೊರಡುವವರು ಮೊದಲು ಇಲಾಖೆಯ ಜಾಲತಾಣದಲ್ಲಿ ತಮ್ಮ ಖಾತೆ ತೆರೆದು ವರ್ಷವಾರು ಗಳಿಕೆಯ ಪಟ್ಟಿಯನ್ನು ನೋಡಬೇಕು. 38 ಕ್ರೆಡಿಟ್ ಇದ್ದವರಿಗೂ ಎಂಟು ಕ್ರೆಡಿಟ್ ಇದ್ದವರಿಗೂ ನಿವೃತ್ತಿ ವೇತನದ ಮಟ್ಟಿಗೆ ಒಂದೇ ಉತ್ತರ: ಏನೂ ಇಲ್ಲ. ಕಟ್ಟಿದ ಹಣವನ್ನು ಪಿಎಫ್‌ನಂತೆ ವಾಪಸು ಪಡೆಯುವ ದಾರಿಯೂ ಇಲ್ಲ.

ಹತ್ತು ವರ್ಷ ತುಂಬಿದವರ ಸ್ಥಿತಿ ಮಾತ್ರ ಅಚ್ಚರಿಯಾಗುವಷ್ಟು ಚೆನ್ನಾಗಿದೆ. ವೇತನವನ್ನು ಲೆಕ್ಕ ಹಾಕುವುದು ಅತಿ ಹೆಚ್ಚು ಗಳಿಸಿದ 35 ವರ್ಷಗಳ ಮಾಸಿಕ ಸರಾಸರಿಯ ಮೇಲೆ. ಹತ್ತೇ ವರ್ಷ ದುಡಿದವರಿಗೆ ಉಳಿದ 25 ವರ್ಷ ಸೊನ್ನೆಗಳು ಕೂಡುತ್ತವೆ. ಆದರೆ ಸೂತ್ರ ಕಡಿಮೆ ಸರಾಸರಿಯವರ ಕಡೆಗೆ ವಾಲಿದೆ. 2025ರಲ್ಲಿ 62 ತುಂಬಿದವರಿಗೆ ಸರಾಸರಿಯ ಮೊದಲ 1,226 ಡಾಲರಿಗೆ ಶೇ. 90, ಅಲ್ಲಿಂದ 7,391ರವರೆಗೆ ಶೇ. 32, ಅದರ ಮೇಲಿನದಕ್ಕೆ ಶೇ. 15. ಹಣದುಬ್ಬರ ಸರಿಹೊಂದಿಸಿದ ಮೇಲೆ ವರ್ಷಕ್ಕೆ 1,26,000 ಡಾಲರಿನಂತೆ ಹತ್ತು ವರ್ಷ ಗಳಿಸಿದವರ ಮಾಸಿಕ ಸರಾಸರಿ 3,000 ಡಾಲರ್. ಅದಕ್ಕೆ ಪೂರ್ಣ ನಿವೃತ್ತಿ ವಯಸ್ಸಿನಲ್ಲಿ ಬರುವುದು ತಿಂಗಳಿಗೆ ಸುಮಾರು 1,671 ಡಾಲರ್. ಅದೇ ಗಳಿಕೆಯಲ್ಲಿ 35 ವರ್ಷವೂ ದುಡಿದವರಿಗೆ ಸುಮಾರು 3,542. ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಕಾಲ ದುಡಿದವರಿಗೆ ಅರ್ಧದ ಹತ್ತಿರ ಬರುತ್ತದೆ. ಅಲ್ಪಾದಾಯದ ದುಡಿಮೆಗಾರರಿಗಾಗಿ ಮಾಡಿದ ಸೂತ್ರದ ಲಾಭ, ಒಂದು ದಶಕ ದೊಡ್ಡ ಸಂಬಳ ಪಡೆದು ಹೊರಟವರಿಗೂ ದಕ್ಕುತ್ತದೆ ಎಂಬುದು ಕಾನೂನು ಮಾಡಿದವರು ಉದ್ದೇಶಿಸಿದ್ದಿರಲಾರದು. ಒಂಬತ್ತೂಮುಕ್ಕಾಲು ವರ್ಷಕ್ಕೆ ಸೊನ್ನೆ, ಹತ್ತಕ್ಕೆ ಇಷ್ಟು. ನಡುವೆ ಮೆಟ್ಟಿಲೇ ಇಲ್ಲ.

ಇದರಲ್ಲಿ ಪೌರತ್ವದ ಪ್ರಶ್ನೆ ಎಲ್ಲಿ ಬಂತು? ಎರಡು ಕಡೆ. 2004ರ ಸೋಷಿಯಲ್ ಸೆಕ್ಯುರಿಟಿ ಪ್ರೊಟೆಕ್ಷನ್ ಕಾಯ್ದೆಯ ಪ್ರಕಾರ, ಆ ವರ್ಷದ ಜನವರಿ 1ರಂದು ಅಥವಾ ನಂತರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಪಡೆದ ಪೌರರಲ್ಲದವರು ಆಗಲೋ ಮುಂದೆ ಎಂದಾದರೋ ಕೆಲಸ ಮಾಡುವ ಅನುಮತಿ ಹೊಂದಿರಬೇಕು; ಕೆಲವು ಸಣ್ಣ ವಿನಾಯಿತಿಗಳನ್ನು ಬಿಟ್ಟರೆ, ಇಲ್ಲದವರ ದುಡಿಮೆ ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು 1996ರಿಂದ ಬಂದ ನಿಯಮ: ಅಮೆರಿಕದೊಳಗೆ ಇದ್ದುಕೊಂಡು ವೇತನ ಪಡೆಯುವ ಪೌರರಲ್ಲದವರು ಆ ತಿಂಗಳಲ್ಲಿ ಕಾನೂನುಬದ್ಧವಾಗಿ ಅಲ್ಲಿರಬೇಕು. ಗ್ರೀನ್ ಕಾರ್ಡ್ ಇರಲೇಬೇಕೆಂದು ಇದರ ಅರ್ಥವಲ್ಲ. ಎಚ್-1ಬಿ ಮೇಲೆ ಗ್ರೀನ್ ಕಾರ್ಡಿನ ಸಾಲಿನಲ್ಲೇ ಮುದುಕರಾಗುತ್ತಿರುವವರಿಗೆ, ಇದನ್ನು ವಿನೋದಕ್ಕೆ ಹೇಳುತ್ತಿಲ್ಲ, ಆ ಸ್ಥಿತಿಯಲ್ಲಿಯೇ ನಿವೃತ್ತಿ ವೇತನ ಸಿಗುತ್ತದೆ. ಮೆಡಿಕೇರ್ ಮಾತ್ರ ಈಗ ಬೇರೆಯಾಯಿತು. 2025ರ ಜುಲೈ 4ರಂದು ಸಹಿಯಾದ ಕಾನೂನು ಮೆಡಿಕೇರ್ ಅರ್ಹತೆಯನ್ನು ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನೆರಡು ಸಣ್ಣ ಗುಂಪುಗಳಿಗೆ ಸೀಮಿತಗೊಳಿಸಿದೆ. ನಲವತ್ತಲ್ಲ, ಎಂಬತ್ತು ಕ್ರೆಡಿಟ್ ಇದ್ದರೂ ವೀಸಾದ ಮೇಲಿರುವವರಿಗೆ ಇನ್ನು ಅದು ಇಲ್ಲ, ಶೇ. 1.45ರ ಕಡಿತ ಮಾತ್ರ ಮುಂದುವರಿಯುತ್ತದೆ.

ದಾಖಲೆಗಳಿಲ್ಲದೆ ದುಡಿಯುವವರ ಬಗ್ಗೆ ಒಂದು ಮಾತು. ಬೇರೆಯವರ ಅಥವಾ ಸುಳ್ಳು ಸಂಖ್ಯೆಯ ಮೇಲೆ ದುಡಿಯುವವರ ಸಂಬಳದಿಂದಲೂ ಕಡಿತವಾಗುತ್ತದೆ. ಹೆಸರಿಗೂ ಸಂಖ್ಯೆಗೂ ತಾಳೆಯಾಗದ ಗಳಿಕೆಯನ್ನು ಇಲಾಖೆ ಒಂದು ಪ್ರತ್ಯೇಕ ಕಡತದಲ್ಲಿ ಇಡುತ್ತದೆ. ಹಣ ನಿಧಿಗೆ ಸೇರುತ್ತದೆ, ಹಕ್ಕು ಯಾರಿಗೂ ಸೇರುವುದಿಲ್ಲ. ಅನುಮತಿಯಿಲ್ಲದ ವಲಸಿಗರಿಂದ 2010ರ ಒಂದೇ ವರ್ಷದಲ್ಲಿ ನಿಧಿಗೆ ಬಂದ ನಿವ್ವಳ ಹಣ ಸುಮಾರು 12 ಶತಕೋಟಿ ಡಾಲರ್ ಎಂದು ಇಲಾಖೆಯ ವಿಮಾಗಣಕರೇ ಅಂದಾಜು ಮಾಡಿದ್ದಾರೆ. ನಿಧಿಯನ್ನು ಬರಿದು ಮಾಡುತ್ತಾರೆಂದು ಯಾರ ಮೇಲೆ ಆರೋಪ ಹೊರಿಸುತ್ತಾರೋ ಅವರೇ ಅದನ್ನು ತುಂಬುತ್ತಿದ್ದಾರೆ.

ಈಗ ಎರಡನೆಯ ತಪ್ಪು ಮಾತಿಗೆ ಬರೋಣ: ಕಟ್ಟಿದ ಮೇಲೆ ಅದು ನಮ್ಮ ಹಣ. ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 1960ರಲ್ಲಿಯೇ ಉತ್ತರ ಕೊಟ್ಟಿದೆ, ಅದೂ ಪೌರನಲ್ಲದ ಒಬ್ಬನ ಮೊಕದ್ದಮೆಯಲ್ಲಿ. ಎಫ್ರಮ್ ನೆಸ್ಟರ್ ಬಲ್ಗೇರಿಯಾದಿಂದ 1913ರಲ್ಲಿ ಅಮೆರಿಕಕ್ಕೆ ಬಂದವನು. 1936ರ ಕೊನೆಯಿಂದ 1955ರ ಆರಂಭದವರೆಗೆ ಅವನೂ ಅವನಿಗೆ ಕೆಲಸ ಕೊಟ್ಟವರೂ ಸೋಷಿಯಲ್ ಸೆಕ್ಯುರಿಟಿ ಕಂತು ಕಟ್ಟಿದ್ದರು. 1955ರ ನವೆಂಬರ್‌ನಲ್ಲಿ ಅವನಿಗೆ ವೃದ್ಧಾಪ್ಯ ವೇತನದ ಅರ್ಹತೆ ಬಂತು. ತಿಂಗಳಿಗೆ 55 ಡಾಲರ್ 60 ಸೆಂಟ್. ಮರುವರ್ಷ ಜುಲೈನಲ್ಲಿ ಅವನನ್ನು ದೇಶದಿಂದ ಹೊರಹಾಕಲಾಯಿತು. ಕಾರಣ, 1933ರಿಂದ 1939ರವರೆಗೆ ಅವನು ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದ. ಆ ವರ್ಷಗಳಲ್ಲಿ ಸದಸ್ಯತ್ವ ಅಪರಾಧವೂ ಆಗಿರಲಿಲ್ಲ, ಗಡೀಪಾರಿಗೆ ಕಾರಣವೂ ಆಗಿರಲಿಲ್ಲ. ಕೆಲವು ನಿರ್ದಿಷ್ಟ ಕಾರಣಗಳಿಗೆ ಗಡೀಪಾರಾದವರ ವೇತನ ನಿಲ್ಲಬೇಕೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1954ರಲ್ಲಿ ಸೇರಿಸಿದ್ದ ನಿಯಮದಂತೆ ಅವನ ವೇತನವನ್ನು ಕಡಿದುಹಾಕಲಾಯಿತು.

ಕೆಳಗಿನ ನ್ಯಾಯಾಲಯ ನೆಸ್ಟರ್ ಪರವಾಗಿ ತೀರ್ಪು ನೀಡಿತು. ಹತ್ತೊಂಬತ್ತು ವರ್ಷ ಕಟ್ಟಿದ ಮೇಲೆ ಅದು ಅವನ ಸ್ವತ್ತು, ಸ್ವತ್ತನ್ನು ಹಾಗೆ ಕಸಿಯಲಾಗದು ಎಂಬುದು ವಾದ. ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಹಾರ್ಲನ್ ಅವರ ನಿಲುವಿನಂತೆ, ಸೋಷಿಯಲ್ ಸೆಕ್ಯುರಿಟಿ ಕಂತು ಖಾಸಗಿ ವಿಮೆಯ ಕಂತಿನಂಥದ್ದಲ್ಲ. ಬದಲಾಗುವ ಕಾಲಕ್ಕೆ ತಕ್ಕಂತೆ ಯೋಜನೆಯನ್ನು ತಿದ್ದಲು ಕಾಂಗ್ರೆಸ್‌ಗೆ ಅವಕಾಶ ಉಳಿಯಬೇಕಾದರೆ, ಕಟ್ಟಿದವರಿಗೆ ಸ್ವತ್ತಿನ ಹಕ್ಕು ಹುಟ್ಟಿತೆಂದು ಹೇಳಲಾಗದು. ಭಿನ್ನಮತ ಬರೆದವರಲ್ಲಿ ಹ್ಯೂಗೋ ಬ್ಲ್ಯಾಕ್ ಅತ್ಯಂತ ಕಟುವಾಗಿದ್ದರು. ದುಡಿದು ಕಟ್ಟಿದವನಿಂದ ಅವನ ಹಳೆಯ ರಾಜಕೀಯಕ್ಕಾಗಿ ವೇತನ ಕಸಿಯುವುದು ಶಿಕ್ಷೆಯಲ್ಲದೆ ಬೇರೇನೂ ಅಲ್ಲವೆಂದು ಅವರಿಗೆ ತೋರಿತ್ತು. ನನಗೂ ಹಾಗೆಯೇ ತೋರುತ್ತದೆ. ಆದರೆ ಇಂದಿಗೂ ನಡೆಯುತ್ತಿರುವುದು ಬಹುಮತದ ತೀರ್ಪು, ಅದು ಪೌರರಿಗೂ ಅಷ್ಟೇ ಅನ್ವಯಿಸುತ್ತದೆ. ಗಡೀಪಾರಾದ ಒಬ್ಬ ವಲಸಿಗನಿಗೆ ಕೊಟ್ಟ ಉತ್ತರದಿಂದಾಗಿ, ಮೂರು ತಲೆಮಾರಿನ ಅಮೆರಿಕನ್ನರಿಗೂ ತಮ್ಮ ಕಂತಿನ ಮೇಲೆ ಸ್ವತ್ತಿನ ಹಕ್ಕು ಇಲ್ಲವಾಯಿತು. ಗಡೀಪಾರಿನ ನಿಯಮವೂ ಕಾನೂನಿನಲ್ಲಿ ಉಳಿದಿದೆ. 2004ರಲ್ಲಿ ಅದರ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಲಾಯಿತು.

ಬಡತನ ನೋಡಿ ಕೊಡುವ ನೆರವಿನ ಕಥೆ ಬೇರೆ. 1971ರಲ್ಲಿ ಗ್ರಹಾಂ ವಿರುದ್ಧ ರಿಚರ್ಡ್‌ಸನ್ ಮೊಕದ್ದಮೆಯಲ್ಲಿ, ಅರಿಜೋನಾದಲ್ಲಿದ್ದ ಮೆಕ್ಸಿಕೊ ಮೂಲದ ಅಂಗವಿಕಲ ಮಹಿಳೆಗೆ ಹದಿನೈದು ವರ್ಷ ವಾಸವಾಗಿಲ್ಲವೆಂದು ನೆರವು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ರದ್ದುಮಾಡಿ, ಕಾನೂನುಬದ್ಧವಾಗಿ ನೆಲೆಸಿದ ವಲಸಿಗರಿಗೆ ರಾಜ್ಯಗಳು ಹೀಗೆ ಭೇದ ಮಾಡಬಾರದು ಎಂದಿತು. ಐದೇ ವರ್ಷದ ನಂತರ, 1976ರ ಮ್ಯಾಥ್ಯೂಸ್ ವಿರುದ್ಧ ಡಯಾಜ್ ಮೊಕದ್ದಮೆಯಲ್ಲಿ, ಮೆಡಿಕೇರ್‌ನ ಒಂದು ಭಾಗಕ್ಕೆ ಗ್ರೀನ್ ಕಾರ್ಡ್ ಮತ್ತು ಐದು ವರ್ಷದ ವಾಸ ಬೇಕೆಂಬ ಕೇಂದ್ರದ ನಿಯಮವನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ರಾಜ್ಯಗಳಿಗೆ ಸಲ್ಲದ್ದು ಕೇಂದ್ರಕ್ಕೆ ಸಲ್ಲುತ್ತದೆ, ಏಕೆಂದರೆ ವಲಸೆಯ ನೀತಿ ಕೇಂದ್ರದ ಕೈಯಲ್ಲಿದೆ ಎಂಬುದು ಎರಡನ್ನೂ ಒಟ್ಟಿಗೆ ಓದಿದಾಗ ಸಿಗುವ ಅರ್ಥ. ಎರಡು ದಶಕಗಳ ನಂತರ ಕಾಂಗ್ರೆಸ್ ಆ ಅಧಿಕಾರವನ್ನು ಪೂರ್ತಿಯಾಗಿ ಬಳಸಿಕೊಂಡಿತು. ಅಧ್ಯಕ್ಷ ಬಿಲ್ ಕ್ಲಿಂಟನ್ 1996ರ ಆಗಸ್ಟ್ 22ರಂದು ಸಹಿ ಹಾಕಿದ ಕಾನೂನು ಬಹುತೇಕ ಪೌರರಲ್ಲದವರನ್ನು ಎಸ್‌ಎಸ್‌ಐನಿಂದ ಹೊರಗಿಟ್ಟಿತು. ಆ ದಿನ ಕಾನೂನುಬದ್ಧವಾಗಿ ದೇಶದಲ್ಲಿದ್ದ ಅನೇಕರಿಗೆ ಮರುವರ್ಷ ಅದನ್ನು ಮರಳಿಸಲಾಯಿತು. ನಿರಾಶ್ರಿತರಿಗೆ ಹೆಚ್ಚೆಂದರೆ ಏಳು ವರ್ಷ. ಸೇನೆಯಲ್ಲಿ ಸೇವೆ ಸಲ್ಲಿಸಿದವರಿಗೆ ವಿನಾಯಿತಿ. ಆ ದಿನಾಂಕದ ನಂತರ ಬಂದ ಗ್ರೀನ್ ಕಾರ್ಡ್‌ನವರಿಗೆ ಐದು ವರ್ಷದ ಕಾಯುವಿಕೆ ಮತ್ತು 40 ಕ್ರೆಡಿಟ್, ಎರಡೂ ಬೇಕು.

ಇದು ನಮ್ಮ ಮನೆಗಳಲ್ಲಿ ಮುಟ್ಟುವುದು ತಂದೆತಾಯಿಯರ ವಿಷಯದಲ್ಲಿ. ಮಗ ಪೌರತ್ವ ಪಡೆದು ತಾಯಿಯನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳುತ್ತಾನೆ; ಅವರಿಗೆ ಆಗಲೇ ಅರವತ್ತೆಂಟು ಎಂದಿಟ್ಟುಕೊಳ್ಳಿ. 65 ದಾಟಿದವರಿಗೆ ತಿಂಗಳಿಗೆ ಇಷ್ಟು ಡಾಲರ್ ಬರುತ್ತದಂತೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2025ರಲ್ಲಿ ಎಸ್‌ಎಸ್‌ಐನ ಕೇಂದ್ರ ಮೊತ್ತ ಒಬ್ಬರಿಗೆ 967 ಡಾಲರ್ ಇತ್ತೆಂಬುದು ನಿಜ, ಆದರೆ ಆ ತಾಯಿಗೆ ಅದು ಸಿಗುವುದಿಲ್ಲ. 40 ಕ್ರೆಡಿಟ್ ಎಣಿಸುವಾಗ ಗಂಡನ ಅಥವಾ ಹೆಂಡತಿಯ ದುಡಿಮೆಯನ್ನು ಸೇರಿಸಿಕೊಳ್ಳಬಹುದು. ಮಕ್ಕಳು ಹದಿನೆಂಟರೊಳಗಿದ್ದಾಗ ಅವರ ತಂದೆತಾಯಿ ದುಡಿದದ್ದು ಆ ಮಕ್ಕಳ ಲೆಕ್ಕಕ್ಕೆ ಬರುತ್ತದೆ. ಮಗನ ದುಡಿಮೆ ತಾಯಿಯ ಲೆಕ್ಕಕ್ಕೆ ಬರುವುದಿಲ್ಲ. ಅದರ ಮೇಲೆ, ಕರೆಸಿಕೊಳ್ಳುವಾಗ ಮಗ ಸಹಿ ಹಾಕಿದ ಜವಾಬ್ದಾರಿ ಪತ್ರ ಬರಿಯ ಔಪಚಾರಿಕ ಕಾಗದವಲ್ಲ. ತಾಯಿ ಅರ್ಜಿ ಹಾಕಿದರೆ ಅವನ ಆದಾಯವನ್ನು ಅವರದೆಂದೇ ಎಣಿಸಲಾಗುತ್ತದೆ. ಪೌರತ್ವ ಪಡೆದ ದಿನ ಈ ಎಲ್ಲ ಅಡ್ಡಿಗಳೂ ತೊಲಗುತ್ತವೆ, ಆಮೇಲೆ ಉಳಿಯುವುದು ಆದಾಯ ಮತ್ತು ಆಸ್ತಿಯ ಮಿತಿ. ಆಸ್ತಿಯ ಮಿತಿ ಒಬ್ಬರಿಗೆ 2,000 ಡಾಲರ್, 1989ರಿಂದ ಅಲ್ಲೇ ನಿಂತಿದೆ. ಎಸ್‌ಎಸ್‌ಐ ಪಡೆಯುವವರು ಮೂವತ್ತು ದಿನ ದೇಶದ ಹೊರಗಿದ್ದರೆ ಅದು ನಿಲ್ಲುತ್ತದೆಂಬುದನ್ನೂ, ಊರಿಗೆ ಮೂರು ತಿಂಗಳು ಹೋಗಿಬರುವ ರೂಢಿಯವರು ನೆನಪಿಡಬೇಕು. ಪೌರತ್ವವೊಂದಿದ್ದರೆ ಎಲ್ಲವೂ ಸಿಗುತ್ತದೆ ಎಂದೂ ತಿಳಿಯಬೇಡಿ: ಅಮೆರಿಕದ ಅಧೀನ ಪ್ರದೇಶವಾದ ಪೋರ್ಟೊರಿಕೊ ದ್ವೀಪದಲ್ಲಿ ನೆಲೆಸಿದ ಅಮೆರಿಕದ ಪೌರರಿಗೇ ಎಸ್‌ಎಸ್‌ಐ ಇಲ್ಲ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಸರಿಯೆಂದಿತು.

ತಂದೆತಾಯಿಯರ ಪಾಲಿಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಹಕ್ಕು ವಿಮೆಯ ಕಡೆಯಲ್ಲಿದೆ. ದುಡಿಯುವ ಮಗನೋ ಮಗಳೋ ತೀರಿಕೊಂಡರೆ, ತಮ್ಮ ಖರ್ಚಿನ ಕನಿಷ್ಠ ಅರ್ಧಕ್ಕೆ ಅವರನ್ನೇ ಅವಲಂಬಿಸಿದ್ದ, 62 ತುಂಬಿದ ತಂದೆ ಅಥವಾ ತಾಯಿಗೆ ಆ ದಾಖಲೆಯ ಮೇಲೆ ಮಾಸಿಕ ವೇತನ ಸಿಗಬಹುದು. ಅವಲಂಬನೆಯ ಪುರಾವೆಯನ್ನು ಸಾವಿನ ಎರಡು ವರ್ಷದೊಳಗೆ ಸಲ್ಲಿಸಬೇಕು. ದುಃಖದ ನಡುವೆ ಈ ಗಡುವು ಸುಲಭವಾಗಿ ಕಳೆದುಹೋಗುತ್ತದೆ.

ಭಾರತಕ್ಕೆ ಮರಳಿದವರಿಗೆ ವೇತನ ಬರುತ್ತದೆಯೇ? ಪೌರರಲ್ಲದವರು ಆರು ಪೂರ್ಣ ಕ್ಯಾಲೆಂಡರ್ ತಿಂಗಳು ಅಮೆರಿಕದ ಹೊರಗಿದ್ದರೆ ಪಾವತಿ ನಿಲ್ಲಬೇಕೆಂಬುದು ಮೂಲ ನಿಯಮ. ಇದಕ್ಕೆ ದೇಶವಾರು ವಿನಾಯಿತಿಗಳಿವೆ. ಭಾರತದ ಪೌರರಿಗೆ ಇರುವ ವಿನಾಯಿತಿ ಇದು: ಯಾರ ದುಡಿಮೆಯ ಮೇಲೆ ವೇತನ ಬರುತ್ತದೋ ಅವರಿಗೆ 40 ಕ್ರೆಡಿಟ್ ಇರಬೇಕು, ಅಥವಾ ಅವರು ಒಟ್ಟು ಹತ್ತು ವರ್ಷ ಅಮೆರಿಕದಲ್ಲಿ ವಾಸವಾಗಿರಬೇಕು. ನಿವೃತ್ತಿ ವೇತನಕ್ಕೆ ಹೇಗಿದ್ದರೂ 40 ಕ್ರೆಡಿಟ್ ಬೇಕಾದುದರಿಂದ, ಅದನ್ನು ಗಳಿಸಿದವರಿಗೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತಿದ್ದರೂ ಹಣ ಬರುತ್ತಲೇ ಇರುತ್ತದೆ, ಗ್ರೀನ್ ಕಾರ್ಡ್ ಬಿಟ್ಟುಕೊಟ್ಟಿದ್ದರೂ ಸಹ. ಹೆಂಡತಿಗೆ ಅಥವಾ ಗಂಡನಿಗೆ ಬರುವ ಪಾಲಿಗೆ ಮಾತ್ರ ಇನ್ನೊಂದು ಷರತ್ತು ಇದೆ: ಅವರು ದಂಪತಿಯಾಗಿದ್ದ ಅವಧಿಯಲ್ಲಿ ಸ್ವತಃ ಐದು ವರ್ಷ ಅಮೆರಿಕದಲ್ಲಿ ವಾಸವಾಗಿರಬೇಕು. ಹೆಂಡತಿ ಊರಿನಲ್ಲೇ ಇದ್ದು ಗಂಡನೊಬ್ಬನೇ ಅಲ್ಲಿ ದುಡಿದಿದ್ದರೆ, ಅವನ ಕಾಲಾನಂತರ ಊರಿನಲ್ಲಿರುವ ಅವಳಿಗೆ ವಿಧವಾ ವೇತನದ ಪಾವತಿ ಆಗುವುದಿಲ್ಲ.

ತೆರಿಗೆಯನ್ನು ಇಲಾಖೆ ಪಾವತಿಯಲ್ಲೇ ಹಿಡಿದುಕೊಳ್ಳುತ್ತದೆ. ಅನಿವಾಸಿ ಪೌರರಲ್ಲದವರ ವೇತನದ ಶೇ. 85ರ ಮೇಲೆ ಶೇ. 30, ಅಂದರೆ ಒಟ್ಟಿನ ಮೇಲೆ ಶೇ. 25.5. ಭಾರತ-ಅಮೆರಿಕ ತೆರಿಗೆ ಒಪ್ಪಂದದಂತೆ ಈ ಹಣಕ್ಕೆ ತೆರಿಗೆ ಹಾಕುವ ಅಧಿಕಾರ ಅಮೆರಿಕಕ್ಕೆ ಮಾತ್ರ. ಪೂರ್ಣ ನಿವೃತ್ತಿ ವಯಸ್ಸಿಗೆ ಮೊದಲೇ ವೇತನ ಆರಂಭಿಸಿದವರು ಭಾರತದಲ್ಲಿ ತಿಂಗಳಿಗೆ 45 ಗಂಟೆಗಿಂತ ಹೆಚ್ಚು ಕೆಲಸ ಮಾಡಿದರೆ ಆ ತಿಂಗಳ ಹಣ ತಡೆಹಿಡಿಯಲ್ಪಡುತ್ತದೆ. ಬದುಕಿದ್ದೀರಾ, ವಿಳಾಸ ಬದಲಾಯಿತೇ ಎಂದು ಕೇಳುವ ಪ್ರಶ್ನಾವಳಿ ಆಗಾಗ ಅಂಚೆಯಲ್ಲಿ ಬರುತ್ತದೆ. ಅದನ್ನು ತುಂಬಿ ಕಳಿಸದಿದ್ದರೆ ಪಾವತಿ ನಿಲ್ಲುತ್ತದೆ. ಒಂದು ಒಳ್ಳೆಯ ಸುದ್ದಿಯೂ ಇದೆ. ಭಾರತದಲ್ಲಿ ಸರ್ಕಾರಿ ಅಥವಾ ಬ್ಯಾಂಕ್ ಪಿಂಚಣಿ ಇದ್ದವರ ಅಮೆರಿಕದ ವೇತನವನ್ನು ಕತ್ತರಿಸಲು ಕಾರಣವಾಗುತ್ತಿದ್ದ ನಿಯಮವನ್ನು, 2025ರ ಜನವರಿ 5ರಂದು ಸಹಿಯಾದ ಸೋಷಿಯಲ್ ಸೆಕ್ಯುರಿಟಿ ಫೇರ್‌ನೆಸ್ ಕಾಯ್ದೆ ತೆಗೆದುಹಾಕಿದೆ.

ಇನ್ನು ಅಂಗವೈಕಲ್ಯ ವಿಮೆ. ಇದಕ್ಕೆ 40 ಕ್ರೆಡಿಟ್ ಬೇಕಾಗಿಲ್ಲ. ಮೂವತ್ತೊಂದು ದಾಟಿದವರಿಗೆ ಸ್ಥೂಲವಾಗಿ ಹಿಂದಿನ ಹತ್ತು ವರ್ಷಗಳಲ್ಲಿ 20 ಕ್ರೆಡಿಟ್ ಸಾಕು, ಅದಕ್ಕಿಂತ ಚಿಕ್ಕವರಿಗೆ ಇನ್ನೂ ಕಡಿಮೆ. ಯಾವ ಗಣನೀಯ ಕೆಲಸವನ್ನೂ ಮಾಡಲಾಗದ ಸ್ಥಿತಿ ಕನಿಷ್ಠ ಒಂದು ವರ್ಷ ಇರುವಂಥದ್ದಾಗಿರಬೇಕು. ಮೊದಲ ಐದು ಪೂರ್ಣ ತಿಂಗಳಿಗೆ ಹಣವಿಲ್ಲ. ನಿಯಮದಲ್ಲಿ ಪೌರ, ಪೌರನಲ್ಲದವ ಎಂಬ ಭೇದವೇ ಕಾಣುವುದಿಲ್ಲ.

ಈಗ ಒಬ್ಬ ಎಂಜಿನಿಯರನ್ನು ಊಹಿಸಿಕೊಳ್ಳೋಣ. ವಯಸ್ಸು ಮೂವತ್ಮೂರು, ನೇರವಾಗಿ ಎಚ್-1ಬಿ ಮೇಲೆ ಬಂದು ಆರು ವರ್ಷ ಒಂದೂ ತಿಂಗಳು ಬಿಡದೆ ದುಡಿದಿದ್ದಾನೆ, 24 ಕ್ರೆಡಿಟ್ ಇವೆ. ರಸ್ತೆ ಅಪಘಾತದಲ್ಲಿ ತಲೆಗೂ ಬೆನ್ನುಹುರಿಗೂ ಪೆಟ್ಟಾಯಿತು. ವಿಮೆಯ ಲೆಕ್ಕದಲ್ಲಿ ಅವನೂ ಪಕ್ಕದ ಮೇಜಿನ ಅಮೆರಿಕನ್ ಸಹೋದ್ಯೋಗಿಯೂ ಸರಿಸಮಾನರು. ಆದರೆ ಕೆಲಸ ಹೋದ ಕ್ಷಣದಿಂದ ಇವನ ವೀಸಾ ಗಡಿಯಾರ ಓಡತೊಡಗುತ್ತದೆ. ಹೆಚ್ಚೆಂದರೆ 60 ದಿನ. ಐದು ತಿಂಗಳ ಕಾಯುವಿಕೆ ಮುಗಿಯುವ ಮೊದಲೇ, ಅರ್ಜಿಯ ತೀರ್ಮಾನ ಬರುವ ಮೊದಲೇ, ಅವನು ಭಾರತದಲ್ಲಿರುತ್ತಾನೆ. ಅಲ್ಲಿ ಆರು ತಿಂಗಳ ನಿಯಮ ಕಾದಿದೆ. ಅವನಿಗೆ 40 ಕ್ರೆಡಿಟ್ ಇಲ್ಲ, ಹತ್ತು ವರ್ಷದ ವಾಸವೂ ಇಲ್ಲ. ಐದು ತಿಂಗಳು ಕಾಯುವಿಕೆಯಲ್ಲಿ ಕಳೆದುಹೋದ ಮೇಲೆ ಕೈಗೆ ಬರುವುದು ಕೆಲವೇ ತಿಂಗಳ ವೇತನ. ಅವನ ಅರ್ಹತೆ ರದ್ದಾಗುವುದಿಲ್ಲ, ಪಾವತಿ ಮಾತ್ರ ಅಮಾನತಿನಲ್ಲಿರುತ್ತದೆ; ಕಾನೂನುಬದ್ಧವಾಗಿ ಅಮೆರಿಕಕ್ಕೆ ಮರಳಿ ಒಂದು ಪೂರ್ಣ ಕ್ಯಾಲೆಂಡರ್ ತಿಂಗಳು ಅಲ್ಲಿದ್ದರೆ ಮತ್ತೆ ಆರಂಭವಾಗುತ್ತದೆ. ಗಾಲಿಕುರ್ಚಿಯಲ್ಲಿರುವ, ಸಂಬಳವಿಲ್ಲದ, ಅಮೆರಿಕದ ಆರೋಗ್ಯ ವಿಮೆಯೂ ಇಲ್ಲದವನಿಗೆ ಈ ದಾರಿಯನ್ನು ತೋರಿಸುವುದು ಕ್ರೌರ್ಯವೇ ಸರಿ. ಅವನ ಹೆಂಡತಿಗೆ ಅಲ್ಲಿ ಸ್ವಂತ ಎಚ್-1ಬಿ ಇದ್ದು, ಅವನು ಅವಳ ಅವಲಂಬಿತನಾಗಿ ಎಚ್-4ಕ್ಕೆ ಬದಲಾದರೆ, ಅಥವಾ ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ ಆಗಲೇ ಸಲ್ಲಿಕೆಯಾಗಿದ್ದರೆ, ಅಲ್ಲಿಯೇ ಇದ್ದು ಪೂರ್ಣ ವೇತನ ಪಡೆಯಬಹುದು. ಒಂದೇ ಗಾಯ, ಒಂದೇ ಕಂತು. ಫಲ ನಿರ್ಧಾರವಾಗುವುದು ಮದುವೆಯಿಂದ ಅಥವಾ ಅರ್ಜಿಯ ಸರದಿಯಿಂದ.

ಹತ್ತು ವರ್ಷ ಮುಗಿಸಿ ಊರಿಗೆ ಮರಳಿದವರಿಗೂ ಇಲ್ಲೊಂದು ಕೊರತೆಯಿದೆ. ನಿವೃತ್ತಿಯ 40 ಕ್ರೆಡಿಟ್ ಎಂದಿಗೂ ಹಳಸುವುದಿಲ್ಲ, ಆದರೆ ಅಂಗವೈಕಲ್ಯದ ವಿಮೆ ಇತ್ತೀಚಿನ ದುಡಿಮೆಯನ್ನು ಕೇಳುತ್ತದೆ. ಅಮೆರಿಕದ ಕೆಲಸ ಬಿಟ್ಟು ಸುಮಾರು ಐದು ವರ್ಷವಾದ ಮೇಲೆ ಅದು ತಾನಾಗಿಯೇ ಮುಗಿದುಹೋಗಿರುತ್ತದೆ.

ಈ ಬಿರುಕುಗಳನ್ನು ಮುಚ್ಚುವ ಸಾಧನವೂ ಕಾನೂನಿನಲ್ಲಿಯೇ ಇದೆ. ಟೋಟಲೈಸೇಶನ್ ಒಪ್ಪಂದವಿರುವ ದೇಶಗಳ ದುಡಿಮೆಯನ್ನು ಪರಸ್ಪರ ಕೂಡಿಸಿಕೊಳ್ಳಬಹುದು. ಅಮೆರಿಕದಲ್ಲಿ ಆರು ಕ್ರೆಡಿಟ್ ಇದ್ದರೂ ಸಾಕು, ಉಳಿದದ್ದು ತಾಯ್ನಾಡಿನ ದಾಖಲೆಯಿಂದ ಬರುತ್ತದೆ. ಕೆಲಕಾಲಕ್ಕೆಂದು ಕಂಪನಿ ಕಳಿಸಿದವರು ಎರಡೂ ಕಡೆ ಕಂತು ಕಟ್ಟಬೇಕಾಗುವುದಿಲ್ಲ. ಆ ದೇಶಗಳ ಪೌರರಿಗೆ ಸಾಮಾನ್ಯವಾಗಿ ಆರು ತಿಂಗಳ ತಡೆಯೂ ಇರುವುದಿಲ್ಲ. 1978ರಲ್ಲಿ ಇಟಲಿಯೊಂದಿಗೆ ಆರಂಭವಾದ ಈ ಒಪ್ಪಂದಗಳು ಈಗ ಸುಮಾರು 30 ದೇಶಗಳೊಂದಿಗೆ ಇವೆ. ಭಾರತ ಆ ಪಟ್ಟಿಯಲ್ಲಿಲ್ಲ. ಬೆಲ್ಜಿಯಂ, ಜರ್ಮನಿ, ಜಪಾನ್, ಕೆನಡಾಗಳೊಂದಿಗೆ ಇಂಥ ಒಪ್ಪಂದ ಮಾಡಿಕೊಂಡಿರುವ ಭಾರತಕ್ಕೆ ಅಮೆರಿಕದೊಂದಿಗೆ ಮಾತುಕತೆ ಹಲವು ವರ್ಷಗಳಿಂದ ನಡೆದರೂ ಕೈಗೂಡಿಲ್ಲ. ಎದುರು ದೇಶದ ಸಾಮಾಜಿಕ ವಿಮೆ ಜನರಿಗೆ ವ್ಯಾಪಕವಾಗಿ ಅನ್ವಯಿಸುವಂಥದ್ದಾಗಿರಬೇಕು, ನಿಯತಕಾಲಿಕ ವೇತನ ಕೊಡುವಂಥದ್ದಾಗಿರಬೇಕು ಎಂದು ಅಮೆರಿಕದ ಕಾನೂನು ಹೇಳುತ್ತದೆ. ಸಂಘಟಿತ ವಲಯದ ನೌಕರರಿಗಷ್ಟೇ ಬಹುಮಟ್ಟಿಗೆ ಸೀಮಿತವಾದ ನಮ್ಮ ಭವಿಷ್ಯನಿಧಿ ವ್ಯವಸ್ಥೆಯನ್ನು ಆ ಅಳತೆಗೆ ಹೊಂದಿಸುವುದು ಸುಲಭವಲ್ಲ. ಆದರೆ ಕಟ್ಟಿಸಿಕೊಳ್ಳುವಾಗ ಇಂಥ ಯಾವ ಅಳತೆಯೂ ಅಡ್ಡ ಬರುವುದಿಲ್ಲವೆಂಬುದನ್ನು ಮಾತುಕತೆಯ ಮೇಜಿನಲ್ಲಿ ಗಟ್ಟಿಯಾಗಿ ಹೇಳಬೇಕಾದವರು ನಮ್ಮ ಸರ್ಕಾರದವರೇ.

ಒಪ್ಪಂದ ಬರುವವರೆಗೆ, ವೀಸಾದ ಮೇಲಿರುವ ಕಿರಿಯರಿಗೆ ಉಳಿದಿರುವುದು ಉದ್ಯೋಗದಾತರ ಮೂಲಕ ಸಿಗುವ ದೀರ್ಘಾವಧಿ ಅಂಗವೈಕಲ್ಯದ ಖಾಸಗಿ ಪಾಲಿಸಿ. ವರ್ಷದ ಕೊನೆಯಲ್ಲಿ ಸೌಲಭ್ಯಗಳನ್ನು ಆರಿಸಿಕೊಳ್ಳುವ ಹೊತ್ತಿನಲ್ಲಿ, ಹಲ್ಲಿನ ವಿಮೆ ಕಣ್ಣಿನ ವಿಮೆಗಳ ಕೆಳಗೆಲ್ಲೋ ಅದು ಇರುತ್ತದೆ. ಆರಿಸುವ ಮುನ್ನ ಷರತ್ತುಗಳಲ್ಲಿ ಒಂದನ್ನು ಹುಡುಕಿ ಓದಿಕೊಳ್ಳಿ: ದೇಶದ ಹೊರಗೆ ನೆಲೆಸಿದ ಮೇಲೆ ಪಾವತಿ ಎಷ್ಟು ತಿಂಗಳು ನಡೆಯುತ್ತದೆ ಎಂಬುದನ್ನು. ಕೆಲವು ಪಾಲಿಸಿಗಳು ಅದನ್ನೂ ಆರೇ ತಿಂಗಳಿಗೆ ನಿಲ್ಲಿಸುತ್ತವೆ.